ಅಕ್ಕಿಗೆ ಅಕ್ಕಿ

ಕುಂದಲಹಳ್ಳಿ
17-9-2025, ಬುಧವಾರ ಬೆಳಿಗ್ಗೆ

ನನ್ನ ಮುದ್ದು ಮಗಳು ವನಜಾಳಿಗೆ, ನಿನ್ನ ಅಪ್ಪ ತಲೆ ಮುಟ್ಟಿ ಮಾಡುವ ಆಶೀರ್ವಾದ.

ಹೇಗಿದ್ದೀಯ ತಾಯಿ? ಪರೇಡಿನ ಬೂಟು ಕಚ್ಚಿ ಹಿಮ್ಮಡಿಯಲ್ಲಿ ಗುಳ್ಳೆ ಎದ್ದಿದೆ ಎಂದಿದ್ದೆಯಲ್ಲ, ಒಣಗಿತೇ? ಅದಕ್ಕೆ ಹಚ್ಚಲು ಬೇವಿನೆಣ್ಣೆ ಕಳಿಸಿ ಎಂದು ನಿನ್ನಮ್ಮ ದಿನಾ ನನ್ನ ಪ್ರಾಣ ತಿನ್ನುತ್ತಿದ್ದಾಳೆ. ಪೊಲೀಸರ ತರಬೇತಿ ಶಾಲೆಗೆ ಯಾರಾದರೂ ಎಣ್ಣೆ ಬಾಟಲಿ ಪಾರ್ಸೆಲ್ ಮಾಡುತ್ತಾರೇನೇ ಎಂದರೆ, ‘ಅವ್ರ ಕಾಲೂ ಕಾಲಲ್ವಾ’ ಎನ್ನುತ್ತಾಳೆ. ಅವಳಿಗೆ ಉತ್ತರ ಹೇಳುವವರು ಇನ್ನೂ ಹುಟ್ಟಿಲ್ಲ. ನೀನು ನಾಚಿಕೊಂಡು ಅರ್ಧ ಹೊಟ್ಟೆಯಲ್ಲಿ ಏಳಬೇಡ, ಮುದ್ದೆ ಮಾಡಿದ ದಿನ ಇನ್ನೊಂದು ಕೇಳಿ ಹಾಕಿಸಿಕೋ. ಇಲ್ಲಿ ನಾವು ಚೆನ್ನಾಗಿದ್ದೇವೆ ಎಂದೇ ಬರೆಯಬೇಕು. ನಿನ್ನಮ್ಮನ ಬಿಪಿ ಹತೋಟಿಯಲ್ಲಿದೆ. ಅಳಿಯ ದೇವರಾಜ ಕಂಪನಿ ಕ್ಯಾಬ್ ಓಡಿಸುವ ಡ್ಯೂಟಿ ಮುಗಿಸಿ ಈಗಷ್ಟೇ ಬಂದು ಮಲಗಿದ. ಸಮಯ ಇನ್ನೂ ಆರೂವರೆ. ಮೊಮ್ಮಗಳು ಚಾರ್ವಿ ಏಳುವುದರೊಳಗೆ ಇದನ್ನು ಬರೆದು ಮುಗಿಸಬೇಕು, ಹಾಗಾಗಿ ಅಕ್ಷರ ಓಡುತ್ತಿದ್ದರೆ ಬೈಯಬೇಡ.

ಕಾಗದ ಯಾಕೆ ಬರೆಯುತ್ತಿದ್ದೇನೆಂದರೆ, ನಿಮಗೆ ಭಾನುವಾರ ಫೋನು ಕೊಡುವುದು ಹತ್ತೇ ನಿಮಿಷ. ಆ ಹತ್ತು ನಿಮಿಷವೂ ನಿನ್ನ ಮಗಳು ನನ್ನ ತೊಡೆಗೆ ಅಂಟಿಕೊಂಡೇ ನಿಂತಿರುತ್ತಾಳೆ. ಅವಳ ವಿಷಯವನ್ನು ಅವಳೆದುರೇ ಹೇಗೆ ಹೇಳಲಿ? ಹೋದ ಭಾನುವಾರ ನೀನು ‘ಅಮ್ಮಾ ಅನ್ನು ಪುಟ್ಟಾ, ಒಂದೇ ಒಂದ್ಸಲ ಅನ್ನು’ ಎಂದು ಅಂಗಲಾಚಿದೆ. ಅವಳು ಫೋನನ್ನು ಕಿವಿಗೆ ಒತ್ತಿಕೊಂಡು ಗೋಡೆ ನೋಡುತ್ತಾ ನಿಂತಳೇ ಹೊರತು ತುಟಿ ಬಿಚ್ಚಲಿಲ್ಲ. ಆಮೇಲೆ ನೀನು ಅಳುತ್ತಾ ನನಗೆ ಹೇಳಿದ್ದು ಇನ್ನೂ ಎದೆಯಲ್ಲಿ ಕುಟ್ಟುತ್ತಿದೆ. ‘ನನ್ ಮೇಲೆ ಕ್ವಾಪ ಕಣಪ್ಪಾ ಅವ್ಳಿಗೆ. ಮಗೀಗೆ ನಾನು ಬ್ಯಾಡವಾದ್ಮೇಲೆ ಈ ಕಾಕಿ ತಗಂಡು ಏನ್ಮಾಡ್ಲಿ? ಮುಂದಿನ್ ವಾರ ಬರ್ದುಕೊಟ್ಟು ಬಂದ್ಬಿಡ್ತೀನಿ’ ಎಂದೆ. ವನಜಾ, ನಿನ್ನ ದಮ್ಮಯ್ಯ, ಏನನ್ನೂ ಬರೆದುಕೊಡಬೇಡ. ಎರಡು ಸಲ ಓಟದಲ್ಲಿ ಬಿದ್ದು, ಮೂರನೇ ಸಲ ಗೆದ್ದು ಪಡೆದ ಕೆಲಸ ಅದು. ಮೊದಲು ಈ ಕಾಗದವನ್ನು ಪೂರ್ತಿ ಓದು. ಮಗು ನಿನ್ನೊಬ್ಬಳ ಹತ್ತಿರ ಮಾತು ಬಿಟ್ಟಿಲ್ಲ. ಯಾರ ಹತ್ತಿರವೂ ಆಡುತ್ತಿಲ್ಲ.

ಶಾಲೆಗೆ ಜೂನಿನಲ್ಲಿ ರಕ್ಷಿತಾ ಎಂಬ ಹೊಸ ಕನ್ನಡ ಮೇಡಂ ಬಂದದ್ದು ನಿನಗೆ ಗೊತ್ತು. ಹುಬ್ಬಳ್ಳಿ ಕಡೆಯವರು, ಗಂಡ ಇಲ್ಲೇ ವೈಟ್‌ಫೀಲ್ಡಿನಲ್ಲಿ ಕೆಲಸ. ಮಕ್ಕಳು ಮನೆಗೆ ಹೋದ ಮೇಲೆ ಹೇಗೂ ಫೋನು ಹಿಡಿದೇ ಹಿಡಿಯುತ್ತವೆ, ಅದರಲ್ಲೇ ನಾಲ್ಕು ಮಾತು ಕಲಿಯಲಿ ಎಂದು ಆ ತಾಯಿ ಒಂದು ವಾಟ್ಸಾಪ್ ಗ್ರೂಪು ಮಾಡಿದರು. ಪ್ರತಿ ಶನಿವಾರ ಒಂದೊಂದು ಮಗು ತನ್ನ ಮನೆ ಸುತ್ತ ಕಂಡದ್ದನ್ನು ಒಂದು ನಿಮಿಷ ಕನ್ನಡದಲ್ಲಿ ಹೇಳಬೇಕು, ಮನೆಯವರು ವಿಡಿಯೊ ಮಾಡಿ ಮೇಡಂಗೆ ಕಳಿಸಬೇಕು, ಅವರು ಅದನ್ನು ಗ್ರೂಪಿಗೆ ಹಾಕುತ್ತಾರೆ, ಉಳಿದ ಮಕ್ಕಳು ಕೇಳಿ ಪ್ರಶ್ನೆ ಹಾಕಬೇಕು. ಸುಳ್ಳು ಯಾಕೆ ಹೇಳಲಿ, ನನಗೂ ಅದರ ಹುಚ್ಚು ಹಿಡಿಯಿತು. ನಮ್ಮ ಹಿಂದಿನ ಅಪಾರ್ಟ್‌ಮೆಂಟಿನ ವಾಚ್‌ಮನ್ ಬಿಹಾರದವನು. ಅವನ ಮಗಳು ಜೂನಿನಲ್ಲಿ ‘ನೀರು’ ಎನ್ನಲೂ ಬಾರದವಳು, ಆಗಸ್ಟಿನಲ್ಲಿ ಅವರಮ್ಮ ಹಿಟ್ಟಿನ ಉಂಡೆ ಸುಡುವುದನ್ನು ಕನ್ನಡದಲ್ಲಿ ಹೇಳಿದಳು. ನಿನ್ನಮ್ಮ ಕೃಷ್ಣಮ್ಮ ಅದನ್ನು ನೋಡಿ, ಮಾರನೇ ದಿನ ಆ ಉಂಡೆಗೆ ಯಾವ ಹಿಟ್ಟು ಎಂದು ವಿಚಾರಿಸಲು ಅವರ ಮನೆಗೇ ಹೋಗಿದ್ದಳು. ಎರಡು ವರ್ಷದಿಂದ ಗೋಡೆಯ ಆಚೆ ಈಚೆ ಇದ್ದವರು ಆವತ್ತು ಮೊದಲ ಸಲ ಮಾತಾಡಿದ್ದು. ಫೋನಿನಿಂದ ಒಳ್ಳೆಯದೂ ಆಗುತ್ತದೆ ಎಂದು ನಾನು ಕಣ್ಣಾರೆ ಕಂಡೆ, ಅದನ್ನು ಈಗಲೂ ಅಲ್ಲಗಳೆಯುವುದಿಲ್ಲ.

ಆಗಸ್ಟ್ ಮೂವತ್ತರ ಶನಿವಾರ ನಮ್ಮ ಚಾರ್ವಿಯ ಸರದಿ ಬಂತು. ಗೌರಿ ಹಬ್ಬಕ್ಕೆ ತಂದ ಹಸಿರು ಲಂಗ ಹಾಕಿಸಿ, ಟೆರೇಸಿನ ಮೇಲೆ ನೀರಿನ ಟ್ಯಾಂಕಿನ ಪಕ್ಕ ನಿಲ್ಲಿಸಿ, ನಾನೇ ಫೋನು ಹಿಡಿದೆ. ನಿನ್ನಮ್ಮ ಬೆಳಿಗ್ಗೆ ಬೆಳಿಗ್ಗೆ ಅಲ್ಲಿ ನುಚ್ಚು ಚೆಲ್ಲುವುದು, ಪಾರಿವಾಳ, ಗೊರವಂಕ ಇಳಿಯುವುದು ನಿನಗೆ ಗೊತ್ತಲ್ಲ, ಅದನ್ನೇ ಹೇಳಿತು ಮಗು. ‘ನಮ್ಮನೆ ಟೆರೇಸ್ ಮ್ಯಾಲೆ ಅಕ್ಕಿ ಬತ್ತದೆ. ಅಜ್ಜಿ ಅಕ್ಕಿಗೆ ಅಕ್ಕಿ ಆಕ್ತದೆ. ಅಕ್ಕಿ ಅಕ್ಕಿ ತಿನ್ಕಂಡು ಆರೋಯ್ತದೆ.’ ಹೇಳುವಾಗ ಎರಡೂ ಕೈ ಬಿಚ್ಚಿ ಹಾರಿಯೂ ತೋರಿಸಿದಳು. ನನಗಂತೂ ಕಣ್ಣು ತುಂಬಿ ಬಂತು. ಮುಗಿಯುತ್ತಿದ್ದ ಹಾಗೆ ‘ಸಕ್ಕತ್ತಾಗ್ ಏಳ್ದೆ ಮಗಾ!’ ಎಂದು ಕೂಗಿಬಿಟ್ಟೆ. ಹೆತ್ತವರಿಗೆ ಹೆಗ್ಗಣ ಮುದ್ದು, ಹೆತ್ತವರನ್ನು ಹೆತ್ತವರಿಗೆ ಇನ್ನೂ ಮುದ್ದು.

ಈಗ ನೀನು ಅದನ್ನು ಓದುವಾಗಲಾದರೂ ನಿನಗೆ ಏನಾದರೂ ತಪ್ಪು ಕಂಡಿತೇ? ನಿಜ ಹೇಳು. ನನಗೆ ಕಾಣಲಿಲ್ಲ ಮಗಳೇ. ಹತ್ತು ಸಲ ಹಾಕಿ ಕೇಳಿದೆ, ನಿನ್ನಮ್ಮನಿಗೆ ಕೇಳಿಸಿದೆ, ದೇವರಾಜನಿಗೆ ಕೇಳಿಸಿದೆ, ಒಬ್ಬರಿಗೂ ಏನೂ ತಪ್ಪು ಕೇಳಿಸಲಿಲ್ಲ. ಬರೆಯುವಾಗ ನನಗೆ ಒಂದು ಹಕಾರವೂ ತಪ್ಪುವುದಿಲ್ಲ, ಏಳನೇ ಕ್ಲಾಸಿನಲ್ಲಿ ಶುದ್ಧ ಬರಹಕ್ಕೆ ಬಹುಮಾನ ಪಡೆದವನು ನಾನು. ಆದರೆ ನಮ್ಮ ಕೈಯೇ ಬೇರೆ, ಬಾಯೇ ಬೇರೆ. ದೊಡ್ಡನೆಕ್ಕುಂದಿಯ ಕಾರ್ಖಾನೆಗೆ ಸೇರಿದ ಮೊದಲ ದಿನ ಟೈಮ್ ಆಫೀಸಿನವನು ಹೆಸರು ಕೇಳಿದಾಗ ಅನುಮಂತರಾಯಪ್ಪ ಎಂದೆ, ಅವನು ಹಾಗೇ ಬರೆದುಕೊಂಡ. ಅದನ್ನು ಹನುಮಂತರಾಯಪ್ಪ ಮಾಡಿಸಲು ನಾನು ಕೋರ್ಟಿಗೆ ಹೋಗಿ ಅಫಿಡವಿಟ್ ಮಾಡಿಸಬೇಕಾಯಿತು. ಯಾವ ಅಕ್ಕಿ ಹಾರುತ್ತದೆ, ಯಾವ ಅಕ್ಕಿ ಬೇಯುತ್ತದೆ ಎಂದು ನಮ್ಮೂರಿನಲ್ಲಿ ಯಾರಿಗೂ ಇಷ್ಟು ವರ್ಷ ಗೊಂದಲ ಆಗಿರಲಿಲ್ಲ.

ಆಮೇಲೆ ಏನಾಯಿತೋ ಆಗ ತಿಳಿಯಲಿಲ್ಲ, ನಾಲ್ಕು ದಿನದಲ್ಲಿ ಆ ವಿಡಿಯೊ ಊರೆಲ್ಲ ಹರಿದಾಡಿತು. ನಗೆಪಾಟಲಿನ ಪೇಜು ನಡೆಸುವ ಯಾರೋ ಪುಣ್ಯಾತ್ಮ ಅದಕ್ಕೆ ತಮಟೆ ಸದ್ದು ಸೇರಿಸಿ, ‘ಅಕ್ಕಿ ಅಕ್ಕಿ ಅಕ್ಕಿ ಅಕ್ಕಿ’ ಎಂದು ಮತ್ತೆ ಮತ್ತೆ ಬರುವ ಹಾಗೆ ಕತ್ತರಿಸಿ ಅಂಟಿಸಿ, ಇನ್‌ಸ್ಟಾಗ್ರಾಮಿಗೆ ಬಿಟ್ಟಿದ್ದ. ಒಂದೂವರೆ ಲಕ್ಷ ಜನ ನೋಡಿದ್ದಾರೆ ಎಂದು ದೇವರಾಜ ತೋರಿಸಿದ. ಕೆಳಗೆ ಬರೆದದ್ದನ್ನು ನಾನು ಓದಬಾರದಿತ್ತು, ಓದಿದೆ. ಅಕ್ಕಿ ಅಕ್ಕಿಯನ್ನೇ ತಿಂದರೆ ರೇಷನ್ ಅಂಗಡಿಗೆ ಏನು ಉಳಿಯುತ್ತದೆ ಎಂದು ಒಬ್ಬ. ಹಾರುವ ಅಕ್ಕಿ ಸೋನಾ ಮಸೂರಿಯೋ ದೋಸೆ ಅಕ್ಕಿಯೋ ಎಂದು ಇನ್ನೊಬ್ಬ. ಇಂಥವರ ಮನೆಯ ಮಕ್ಕಳಿಗೆ ಮೊದಲು ಕನ್ನಡ ಕಲಿಸಿ ಎಂದು ಯಾವಳೋ ಒಬ್ಬಳು, ಅದನ್ನೂ ಇಂಗ್ಲಿಷಿನಲ್ಲಿ. ಆರು ವರ್ಷದ ಮಗು ಕಣಮ್ಮ ಅದು! ಅದು ಯಾರ ಗಂಟು ತಿಂದಿತ್ತು? ಫೋನಿನೊಳಗೆ ಕೈ ಹಾಕಿ ಒಬ್ಬೊಬ್ಬರ ಜುಟ್ಟು ಹಿಡಿದು ಎಳೆದು ತರುವ ಹಾಗಿದ್ದರೆ ಆವತ್ತು ತಂದುಬಿಡುತ್ತಿದ್ದೆ.

ಶಾಲೆಯ ವ್ಯಾನು ಬಂದರೆ ಸಾಕು, ದೊಡ್ಡ ಹುಡುಗರು ತಮಟೆಯ ತಾಳಕ್ಕೆ ಸೀಟು ಬಡಿದು ‘ಅಕ್ಕಿ ಅಕ್ಕಿ’ ಎನ್ನುತ್ತಿದ್ದರು. ಚಾರ್ವಿ ಮೊದಲೆರಡು ದಿನ ಅವರ ಜೊತೆ ತಾನೂ ನಕ್ಕಳು, ತನ್ನನ್ನು ಹೊಗಳುತ್ತಿದ್ದಾರೆ ಎಂದುಕೊಂಡಿದ್ದಳಂತೆ. ಅದೇ ನನಗೆ ಹೆಚ್ಚು ಸಂಕಟ. ರಕ್ಷಿತಾ ಮೇಡಂ ಅವಳನ್ನು ಪಕ್ಕಕ್ಕೆ ಕರೆದು ಹಕಾರ ಹೇಳಿಕೊಟ್ಟರು, ಒಳ್ಳೆಯ ಮನಸ್ಸಿನಿಂದಲೇ ಹೇಳಿಕೊಟ್ಟರು. ಕನ್ನಡಿಯ ಮುಂದೆ ನಿಂತು ಬಿಸಿ ಉಸಿರು ಬಿಡು, ಕನ್ನಡಿ ಮಂಜಾದರೆ ಹ ಬಂತು ಅಂತ ಲೆಕ್ಕ ಎಂದರಂತೆ. ಅಲ್ಲಿಂದ ನಮ್ಮ ಮಗು ಕಂಡಕಂಡಲ್ಲಿ ಉಸಿರು ಬಿಡತೊಡಗಿತು. ಬೀರುವಿನ ಕನ್ನಡಿ, ಸ್ಟೀಲ್ ಲೋಟ, ನಿನ್ನಮ್ಮನ ತಾಮ್ರದ ಚೊಂಬು, ಯಾವುದನ್ನೂ ಬಿಡಲಿಲ್ಲ. ಹ ಬಂದದ್ದು ಬಂತು, ಎಲ್ಲಿಗೆ ಬೇಕು ಎಲ್ಲಿಗೆ ಬೇಡ ಎನ್ನುವುದು ಪಾಪ ಅದಕ್ಕೆ ಹೇಗೆ ಗೊತ್ತಾಗಬೇಕು? ಆನೆ ಹಾನೆಯಾಯಿತು, ಇಡ್ಲಿ ಹಿಡ್ಲಿಯಾಯಿತು. ಹೋದ ಗುರುವಾರ ಊಟಕ್ಕೆ ಕೂತಾಗ, ತಟ್ಟೆ ಮುಂದಿಟ್ಟುಕೊಂಡು, ಬಹಳ ಗಂಭೀರವಾಗಿ, ‘ಹಜ್ಜೀ, ಹನ್ನ ಹಾಕು’ ಎಂದಳು. ಕೃಷ್ಣಮ್ಮನಿಗೆ ನಗು ತಡೆಯಲಾಗಲಿಲ್ಲ. ಅವಳು ನಕ್ಕದ್ದು ನೋಡಿ ನಾನೂ ನಕ್ಕೆ. ಮಗು ನಮ್ಮಿಬ್ಬರ ಮುಖವನ್ನು ಒಂದೊಂದು ಸಲ ನೋಡಿತು. ತಟ್ಟೆಯನ್ನು ಮೆಲ್ಲಗೆ ಮುಂದಕ್ಕೆ ತಳ್ಳಿ ಎದ್ದುಹೋಯಿತು. ಹೊರಗಿನವರು ಒಂದೂವರೆ ಲಕ್ಷ ಜನ ನಕ್ಕದ್ದನ್ನು ತಡೆದುಕೊಂಡಿದ್ದ ಕೂಸು, ನಾವಿಬ್ಬರು ನಕ್ಕದ್ದನ್ನು ತಡೆಯಲಿಲ್ಲ.

ಆವತ್ತಿನಿಂದ ಅವಳ ಬಾಯಲ್ಲಿ ಕನ್ನಡ ಇಲ್ಲ. ನೀರು ಬೇಕಾದರೆ ‘ವಾಟರ್’ ಎನ್ನುತ್ತಾಳೆ, ನಿದ್ದೆ ಬಂದರೆ ‘ಸ್ಲೀಪ್’ ಎನ್ನುತ್ತಾಳೆ. ಇಂಗ್ಲಿಷ್ ಪದ ಗೊತ್ತಿಲ್ಲದ್ದಕ್ಕೆ ಬೆರಳು ತೋರಿಸುತ್ತಾಳೆ, ಇಲ್ಲವೇ ಬೇಡವೆಂದು ಸುಮ್ಮನಿದ್ದುಬಿಡುತ್ತಾಳೆ. ಕೃಷ್ಣಮ್ಮ ದೇವರ ಮುಂದೆ ಕೂತು ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡಳು.

ಭಾನುವಾರ ನಿನ್ನ ಅಳು ಕೇಳಿದ ಮೇಲೆ ನನ್ನ ತಲೆ ಕೆಟ್ಟುಹೋಯಿತು. ನನ್ನ ಸಿಟ್ಟು ನಿನಗೆ ಗೊತ್ತಲ್ಲ, ಮೊದಲು ಬಾಯಿ, ಆಮೇಲೆ ಬುದ್ಧಿ. ಸೋಮವಾರ ಬೆಳಿಗ್ಗೆ ಶಾಲೆಯ ಅಂಗಳದಲ್ಲಿ, ಮಕ್ಕಳನ್ನು ಬಿಡಲು ಬಂದ ಅಪ್ಪ ಅಮ್ಮಂದಿರೆಲ್ಲ ನೋಡುತ್ತಿರುವಾಗ, ಆ ರಕ್ಷಿತಾ ಮೇಡಂ ಮೇಲೆ ಎಗರಿಬಿದ್ದೆ. ‘ನಿಮ್ ಪಾಠಕ್ಕೆ ನಮ್ ಮಗೀನ್ ಮಾನ ಬೇಕಿತ್ತೇನಮ್ಮಾ? ಯಾರ್ನ ಕೇಳಿ ಊರಿಗೆಲ್ಲ ಅಂಚುದ್ರಿ?’ ಎಂದೆ. ಇನ್ನೂ ಏನೇನೋ ಅಂದೆ, ಅದನ್ನೆಲ್ಲ ಮಗಳಿಗೆ ಬರೆಯುವ ಹಾಗಿಲ್ಲ. ಆಕೆ ‘ಒಳಗ ಬರ್ರಿ ಅಜ್ಜಾರ’ ಎಂದು ಕರೆದುಕೊಂಡು ಹೋಗಿ, ಸ್ಟಾಫ್ ರೂಮಿನಲ್ಲಿ ಕೂರಿಸಿ, ನೀರು ಕೊಟ್ಟರು. ಬಾಗಿಲು ಮುಂದೆ ಮಾಡಿ ತಮ್ಮ ಫೋನು ತೆಗೆದರು. ಮೊದಲು ಗ್ರೂಪಿಗೆ ತಾವು ಹಾಕಿದ್ದನ್ನು ತೋರಿಸಿದರು. ಅದು ‘ಆರೋಯ್ತದೆ’ ಎನ್ನುವಲ್ಲಿಗೆ ಮುಗಿಯಿತು. ಆಮೇಲೆ ಆ ತಮಟೆಯವನು ಬಿಟ್ಟಿದ್ದನ್ನು ಕೊನೆಯವರೆಗೂ ತೋರಿಸಿದರು. ನಾನು ಅದನ್ನು ಅಲ್ಲಿಯವರೆಗೆ ಪೂರ್ತಿ ನೋಡಿರಲಿಲ್ಲ, ಅರ್ಧಕ್ಕೇ ಸಿಟ್ಟು ಬಂದು ನಿಲ್ಲಿಸುತ್ತಿದ್ದೆ. ಕೊನೆಯಲ್ಲಿ ತಮಟೆ ನಿಂತು ಒಂದು ಗಂಡಸಿನ ದನಿ ಬಂತು. ‘ಸಕ್ಕತ್ತಾಗ್ ಏಳ್ದೆ ಮಗಾ!’

‘ಇದು ನಿಮ್ಮ ಧ್ವನಿ ಹೌದಲ್ರೀ? ನಾ ಗ್ರೂಪಿಗೆ ಹಾಕೂ ಮುಂದ ಇದನ್ನ ಕತ್ತರಿಸಿ ಹಾಕಿದ್ದೆ. ಇದು ಹೋಗಿದ್ದು ನಿಮ್ಮ ಫೋನಿನಿಂದ’ ಎಂದರು ಆಕೆ, ತಲೆ ಬಗ್ಗಿಸಿಕೊಂಡು, ತಪ್ಪು ತಮ್ಮದೇ ಎನ್ನುವ ಹಾಗೆ.

ಹೌದು ವನಜಾ, ನಾನೇ. ಆ ಶನಿವಾರವೇ ಖುಷಿ ತಡೆಯಲಾರದೆ ಕಾರ್ಖಾನೆಯ ನಿವೃತ್ತರ ಗ್ರೂಪಿಗೆ ಕಳಿಸಿದ್ದೆ, ‘ನಮ್ಮ ಮೊಮ್ಮಗಳ ಕನ್ನಡ ನೋಡಿ’ ಎಂದು ಬೇರೆ ಬರೆದಿದ್ದೆ. ನನ್ನ ಜೊತೆ ಲೇತ್ ಹಿಡಿದವರು ಎಲ್ಲೆಲ್ಲಿಯವರೋ, ಅವರ ಮಕ್ಕಳು ಎಲ್ಲೆಲ್ಲಿಯವರೋ. ಅಲ್ಲಿಂದ ಯಾರ ಕೈಯಿಂದ ಯಾರ ಕೈಗೆ ಹೋಯಿತೋ ದೇವರೇ ಬಲ್ಲ. ಮಕ್ಕಳ ವಿಡಿಯೊ ಗ್ರೂಪಿನ ಹೊರಗೆ ಕಳಿಸಬೇಡಿ ಎಂದು ಮೇಡಂ ಜೂನಿನಲ್ಲೇ ಹೇಳಿದ್ದರಂತೆ, ನಾಲ್ಕು ನಿಮಿಷದ ವಾಯ್ಸ್ ಮೆಸೇಜಿನಲ್ಲಿ. ನಾನು ಒಂದು ನಿಮಿಷ ಕೇಳಿ, ಗೊತ್ತಾಯಿತು ಬಿಡು ಎಂದು ಮುಚ್ಚಿದ್ದೆ. ಆ ತಾಯಿಗೆ ವಿಷಯ ಮೊದಲ ದಿನದಿಂದಲೇ ಗೊತ್ತಿತ್ತು. ಅಂಗಳದಲ್ಲಿ ಅಷ್ಟು ಜನರೆದುರು ನನ್ನ ಬಾಯಿ ಮುಚ್ಚಿಸಲು ಅವರಿಗೆ ಒಂದು ಮಾತು ಸಾಕಿತ್ತು. ಯಾಕಮ್ಮ ಹೇಳಲಿಲ್ಲ ಎಂದು ಕೇಳಿದೆ. ‘ಹಿರಿಯರು ನೀವು. ಹುಡುಗಿ ಮತ್ತ ನಿಮ್ಮನ್ನ ಬಿಟ್ಟು ಯಾರನ್ನ ನಂಬಬೇಕ್ರಿ?’ ಎಂದರು. ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಸಿಟ್ಟಿನಲ್ಲಿ ಕೊಯ್ದ ಮೂಗು ಮತ್ತೆ ಬರುವುದಿಲ್ಲ, ನಿಜ. ಆದರೂ ನಿನ್ನೆ ಅದೇ ಹೊತ್ತಿಗೆ ಅದೇ ಅಂಗಳಕ್ಕೆ ಹೋಗಿ, ಅದೇ ಜನರೆದುರು, ತಪ್ಪು ನನ್ನದು, ಈ ಮೇಡಂದಲ್ಲ ಎಂದು ಹೇಳಿ ಬಂದೆ. ಒಬ್ಬಿಬ್ಬರು ಆಗಲೂ ಫೋನು ಎತ್ತಿ ಹಿಡಿದಿದ್ದರು, ಹಿಡಿಯಲಿ. ಆದರೆ ಶಾಲೆಯವರು ಮೇಡಂ ಕೈಯಲ್ಲಿ ವಿವರಣೆ ಬರೆಸಿಕೊಂಡು, ಶನಿವಾರದ ಮಾತನ್ನು ನಿಲ್ಲಿಸಿಯೇಬಿಟ್ಟಿದ್ದಾರೆ. ಬಿಹಾರದ ಆ ಹುಡುಗಿ ಬರುವ ಶನಿವಾರ ಕಳಿಸಬೇಕೆಂದು ಏನೋ ಬಾಯಿಪಾಠ ಮಾಡಿಕೊಂಡಿದ್ದಳಂತೆ, ಅವಳಮ್ಮ ಕೃಷ್ಣಮ್ಮನ ಹತ್ತಿರ ಹೇಳಿಕೊಂಡರು. ಪಾಠದಲ್ಲಿ ತಪ್ಪಿರಲಿಲ್ಲ. ಅದನ್ನು ಹಿಡಿದ ನನ್ನ ಕೈಯಲ್ಲಿ ತಪ್ಪಿತ್ತು, ನಕ್ಕವರ ಬಾಯಲ್ಲಿ ತಪ್ಪಿತ್ತು, ಅನುಭವಿಸಿದ್ದು ಮಕ್ಕಳು.

ನಿನ್ನೆ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ನಾನೂ ಕನ್ನಡಿಯ ಮುಂದೆ ನಿಂತೆ. ಈ ಅರವತ್ತನಾಲ್ಕನೇ ವಯಸ್ಸಿನಲ್ಲಿ ಹಕಾರ ಕಲಿತು ಮೊಮ್ಮಗಳಿಗೆ ದಾರಿ ತೋರಿಸೋಣ ಎಂದು. ಉಸಿರು ಬಿಟ್ಟೆ, ಕನ್ನಡಿ ಮಂಜಾಯಿತು. ‘ಹಕ್ಕಿ’ ಎಂದೆ, ಬಂತು. ಅದನ್ನೇ ಒಂದು ಮಾತಿನೊಳಗೆ ಸೇರಿಸಿ ಹೇಳಹೋದರೆ ಎಲ್ಲೋ ಉದುರಿಹೋಯಿತು, ಉದುರಿದ್ದು ನನಗೆ ಗೊತ್ತಾಗಲೂ ಇಲ್ಲ. ಹೊರಗಿನಿಂದ ಕೃಷ್ಣಮ್ಮ ‘ಯಾಕ್ರೀ, ಉಬ್ಬಸ ಬಂತಾ?’ ಎಂದು ಬಾಗಿಲು ಬಡಿದಳು. ನಗು ಬರಬೇಕಿತ್ತು, ಅಳು ಬಂತು. ನೀನು ಸೇರಿದ ಮೊದಲ ವಾರ ‘ಔದು ಸಾರ್ ಅಂದ್ರೆ ಇಲ್ಲಿ ಎಲ್ರೂ ನಗ್ತಾರೆ ಕಣಪ್ಪ’ ಎಂದು ಫೋನಿನಲ್ಲಿ ಹೇಳಿ ನಕ್ಕಿದ್ದೆ. ಆವತ್ತು ಅದು ನನಗೆ ತಮಾಷೆಯಾಗಿ ಕಂಡಿತ್ತು. ನಿನಗೂ ಒಳಗೊಳಗೆ ನೋವಾಗಿತ್ತೇನೋ ಎಂದು ಈಗ ಅನ್ನಿಸುತ್ತಿದೆ.

ಇಷ್ಟೇ ವಿಷಯ. ಬೈಯುವುದಿದ್ದರೆ ನನ್ನನ್ನು ಬೈ, ಮಗುವನ್ನು ತಪ್ಪು ತಿಳಿಯಬೇಡ, ತರಬೇತಿ ಬಿಡಬೇಡ. ಖಾಕಿ ತೊಟ್ಟು ನೀನು ಈ ಬಾಗಿಲಿಗೆ ಬರುವ ದಿನಕ್ಕೆ ಚಾರ್ವಿ ಕ್ಯಾಲೆಂಡರಿನಲ್ಲಿ ಸುತ್ತು ಹಾಕಿ ಇಟ್ಟಿದ್ದಾಳೆ, ಮೊನ್ನೆಯೂ ಅದನ್ನು ಬೆರಳಿನಿಂದ ಸವರುತ್ತಿದ್ದಳು. ಇದನ್ನು ಹತ್ತು ಗಂಟೆಗೆ ಸ್ಪೀಡ್ ಪೋಸ್ಟಿಗೆ ಹಾಕುತ್ತೇನೆ, ಶನಿವಾರದೊಳಗೆ ನಿನ್ನ ಕೈ ಸೇರಲಿ. ನಿನ್ನಮ್ಮ ಆಶೀರ್ವಾದ ಹೇಳಿದ್ದಾಳೆ, ದೇವರಾಜ ನಿದ್ದೆಯಲ್ಲೇ ಹೂಂ ಅಂದ. ಊರ ಅಮ್ಮ ನಿನ್ನ ಕಾಲಿಗೆ ಬಲ ಕೊಡಲಿ.

ನಿನ್ನ ಅಪ್ಪ,
ಅನುಮಂತರಾಯಪ್ಪ
ಕೈತಪ್ಪಿ ಬರೆದದ್ದಲ್ಲ, ಬೇಕೆಂದೇ ಬರೆದೆ.

ತಡಿ, ಲಕೋಟೆ ಅಂಟಿಸುವ ಮೊದಲು ಇದನ್ನು ಬರೆಯಲೇಬೇಕು. ಈಗಷ್ಟೇ ವ್ಯಾನು ಹೋಯಿತು. ಚಾರ್ವಿಯ ಶೂ ಲೇಸು ಕಟ್ಟುತ್ತಾ ಕೂತಿದ್ದೆ. ಅವಳು ಅತ್ತಿತ್ತ ನೋಡಿ, ನನ್ನ ಕಿವಿಗೆ ಬಾಯಿಟ್ಟು, ಆರು ದಿನದ ಮೇಲೆ ಮೊದಲ ಸಲ ಕನ್ನಡ ಮಾತಾಡಿದಳು. ‘ತಾತಾ, ಅಮ್ಮಂಗೆ ಹ ಬತ್ತದಾ?’ ಎಂದು ಕೇಳಿದಳು. ಅಜ್ಜಿ ಹಜ್ಜಿಯಾದ ಹಾಗೆ ಅಮ್ಮ ಎನ್ನುವಾಗಲೂ ಹ ಹಾಕಬೇಕಾ ಎಂದು ಅವಳ ಪ್ರಶ್ನೆ, ಅದು ತಿಳಿಯಲು ನನಗೆ ಒಂದು ಗಳಿಗೆ ಬೇಕಾಯಿತು. ಫೋನಿನಲ್ಲಿ ಅವಳು ಸುಮ್ಮನೆ ನಿಂತದ್ದು ಅದಕ್ಕೇ ಮಗಳೇ, ಕೋಪಕ್ಕಲ್ಲ. ನಿನ್ನನ್ನೂ ತಪ್ಪಾಗಿ ಕರೆದುಬಿಡುತ್ತೇನೋ ಎಂಬ ಭಯ. ‘ಇಲ್ಲ ಮಗಾ, ಅಮ್ಮ ಅಂದ್ರೆ ಬರೀ ಅಮ್ಮ’ ಎಂದೆ. ಅವಳು ನಂಬಲಿಲ್ಲ. ‘ನಿಂಗೆ ಕೇಳ್ಸಲ್ವಲ್ಲ ತಾತ’ ಎಂದು ಹೇಳಿ ವ್ಯಾನು ಹತ್ತಿದಳು. ಈ ಭಾನುವಾರ ಅವಳ ಬಾಯಿಂದ ಏನನ್ನೂ ಅನ್ನಿಸಬೇಡ. ‘ನಾನು ಕಣಮ್ಮಿ, ಅಮ್ಮ’ ಎಂದು ನೀನೇ ಮೊದಲು ಹೇಳು. ಆಮೇಲೆ ಅಕ್ಕಿ ಬಂದಿತ್ತಾ, ಅಜ್ಜಿ ಅಕ್ಕಿ ಆಕುದ್ಲಾ ಎಂದು ಕೇಳು. ನಮ್ಮ ಬಾಯಲ್ಲೇ, ಗಟ್ಟಿಯಾಗಿ ಕೇಳು, ಪಕ್ಕದಲ್ಲಿ ಯಾವ ಸಾಹೇಬರು ನಿಂತಿದ್ದರೂ ಸರಿ.